ಎಡಗಡೆ ಚಕ್ರ

"ಏನೂ ಇಲ್ಲ ಕಣಯ್ಯ, ಚಕ್ರದ ಬ್ಯಾಲೆನ್ಸ್ ತಪ್ಪಿದೆ ಅಷ್ಟೆ," ಎಂದು ಭಾವ ಲಾರಿಯ ಮುಂದಿನ ಎಡ ಟೈರಿನ ಮೇಲಿಂದ ಕೈ ತೆಗೆದರು. ಪಕ್ಕದಲ್ಲಿ ನಿಂತಿದ್ದ ಅವರ ಮೈದುನ, ಗ್ಯಾರೇಜಿನ ಚಿಕ್ಕ ಮೇಸ್ತ್ರಿ, ಹೌಹಾರಿದ. ಆ ಟೈರಿನ ಒಳ ಅಂಚಿನಲ್ಲಿ ಗೇಣಿಗೊಂದರಂತೆ ಹಳ್ಳ ಬಿದ್ದಿತ್ತು, ಯಾರೋ ಚಮಚದಲ್ಲಿ ಕೆರೆದು ತೆಗೆದ ಹಾಗೆ. ಬಗ್ಗಿ ನೋಡಿದರೆ ಯಾರಿಗಾದರೂ ಕಾಣುವಂಥದ್ದು. ಆದರೆ ಭಾವ ಬಗ್ಗಿ ನೋಡುವ ಪೈಕಿಯಲ್ಲ. ಮೂವತ್ತು ವರ್ಷದಿಂದ ಮುಖ ರಸ್ತೆಯ ಕಡೆ ತಿರುಗಿಸಿಕೊಂಡು, ಟೈರನ್ನು ಬರೀ ಸವರಿ, ಗಾಡಿಯ ರೋಗ ಇಂಥದ್ದೇ ಅಂತ ಹೇಳಿದವರು. ಆ ಕೈಗಾಗಿಯೇ ಡ್ರೈವರುಗಳು ದಾರಿಯಲ್ಲಿ ಸಿಗುವ ನಾಲ್ಕು ಗ್ಯಾರೇಜು ದಾಟಿಕೊಂಡು ಇಲ್ಲಿಗೆ ಬರುತ್ತಿದ್ದರು.

"ಹಾಗಾದ್ರೆ ಹೊರಡ್ಲಾ ದೊಡ್ಡ ಮೇಸ್ತ್ರಿ?" ಎಂದ ಡ್ರೈವರ್. ಅವನದು ಹದಿನೆಂಟು ಚಕ್ರದ ಟ್ರೇಲರ್, ಮೇಲೆ ಮೂವತ್ತು ಟನ್ ಕಬ್ಬಿಣದ ಪೈಪು. ನಿನ್ನೆ ಬೆಟ್ಟ ಇಳಿಯುವಾಗ ಸ್ಟೀರಿಂಗ್ ಅದುರಿದ ರಭಸಕ್ಕೆ ಜೀವ ಬಾಯಿಗೆ ಬಂದಿತ್ತಂತೆ. ಇವತ್ತು ಇಳಿಯಬೇಕಾದದ್ದು ಅದಕ್ಕಿಂತ ಕಡಿದಾದ ದಾರಿ. "ನೀವೊಂದು ಹೂಂ ಅನ್ನಿ ಸಾಕು, ಕಣ್ಮುಚ್ಕೊಂಡು ಹೋಗ್ತೀನಿ."

ಹೋಗುವವನೇ ಪುಣ್ಯಾತ್ಮ. ಚಿಕ್ಕ ಮೇಸ್ತ್ರಿ ಟೈರಿನ ಹಳ್ಳಗಳನ್ನು ಇನ್ನೊಮ್ಮೆ ನೋಡಿದ.

"ಭಾವ, ಒಂದ್ಸಲ ಕಿಂಗ್ ಪಿನ್ ನೋಡ್ಬಿಡೋಣ," ಎಂದ. ಚಕ್ರವನ್ನು ಆಕ್ಸಲಿಗೆ ಹಿಡಿದಿಡುವ, ಮಣಿಕಟ್ಟಿನಷ್ಟು ದಪ್ಪದ ಗೂಟ ಅದು. ಅದು ಸವೆಯಿತೆಂದರೆ ಚಕ್ರ ತನ್ನಿಷ್ಟಕ್ಕೆ ಅಲುಗುತ್ತದೆ, ಟೈರಿನಲ್ಲಿ ಹೀಗೇ ಹಳ್ಳ ಬೀಳುತ್ತದೆ, ಇಳಿಜಾರಿನಲ್ಲಿ ಸ್ಟೀರಿಂಗ್ ಯಾರ ಮಾತನ್ನೂ ಕೇಳುವುದಿಲ್ಲ.

ಭಾವ ಡ್ರೈವರ್ ಕಡೆ ತಿರುಗಿ ನಕ್ಕರು. "ನೋಡಪ್ಪ ನನ್ನ ಹಣೆಬರಹ. ಇವನ ಅಕ್ಕನ್ನ ಕಟ್ಕೊಂಡ ತಪ್ಪಿಗೆ ಇವನ್ನೂ ಕಟ್ಕೊಂಡೆ. ಇಪ್ಪತ್ತೈದು ವರ್ಷ ಆಯ್ತು, ಇನ್ನೂ ನನ್ನ ಕೈ ಮೇಲೆ ನಂಬಿಕೆ ಹುಟ್ಟಿಲ್ಲ."

ಡ್ರೈವರ್ ನಕ್ಕ. ಚಿಕ್ಕ ಮೇಸ್ತ್ರಿ ನಗಲಿಲ್ಲ. ವಯಸ್ಸು ನಲವತ್ತೈದು ದಾಟಿದ್ದರೂ ಈ ಗ್ಯಾರೇಜಿನಲ್ಲಿ ಅವನು ಚಿಕ್ಕವನೇ. ಸ್ಪ್ಯಾನರ್ ಹಿಡಿಯಲು ಕಲಿಸಿದವರು ಭಾವ, ಮುಂದೆ ನಿಂತು ಮದುವೆ ಮಾಡಿಸಿದವರೂ ಅವರೇ. ಗಿರಾಕಿಯ ಎದುರು ಅವರ ಮಾತು ತೆಗೆದುಹಾಕಿದರೆ ಮುಖಕ್ಕೆ ಮಸಿ ಬಳಿದ ಹಾಗೆ. ಸುಮ್ಮನಿದ್ದು ಈ ಮನುಷ್ಯನನ್ನು ಕಳಿಸಿಬಿಟ್ಟರೆ, ನಾಳೆಯಿಂದ ತನ್ನ ಗಂಟಲಲ್ಲಿ ತುತ್ತು ಇಳಿಯುವುದು ಹೇಗೆ?

"ನನ್ನ ಸಮಾಧಾನಕ್ಕೆ, ಭಾವ. ಎರಡೇ ನಿಮಿಷ."

"ಆಯ್ತು ಮಾರಾಯ, ಹಾಕು ಜಾಕು."

ಜಾಕು ಏರಿ ಚಕ್ರ ನೆಲ ಬಿಟ್ಟಿತು. ಚಿಕ್ಕ ಮೇಸ್ತ್ರಿ ಟೈರಿನ ಕೆಳಗೆ ಹಾರೆ ತೂರಿಸಿದ. ಭಾವ ಕುಕ್ಕರಗಾಲಲ್ಲಿ ಕೂತು, ಆಕ್ಸಲೂ ಚಕ್ರದ ತೋಳೂ ಕೂಡುವ ಸಂದಿಗೆ ತೋರುಬೆರಳಿಟ್ಟು, ಎಂದಿನಂತೆ ಮುಖ ರಸ್ತೆಯ ಕಡೆ ತಿರುಗಿಸಿದರು. ಪಿನ್ ಸವೆದಿದ್ದರೆ ಆ ಸಂದಿ ತೆರೆದು ಮುಚ್ಚುತ್ತದೆ, ಬೆರಳಿಗೆ ತಿಳಿಯುತ್ತದೆ. ಹಿಂದುಗಡೆ ಗಾಳಿ ತುಂಬುವ ಕಂಪ್ರೆಸರ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಬೇರೆ ಯಾವ ಸದ್ದೂ ಕೇಳುವಂತಿರಲಿಲ್ಲ.

"ಎತ್ತು."

ಎತ್ತಿದ. ಚಕ್ರ ಸಡಿಲವಾಗಿ ಮೇಲೆದ್ದದ್ದು ಹಾರೆ ಹಿಡಿದ ಅವನ ಅಂಗೈಗೆ ಚೆನ್ನಾಗಿಯೇ ತಿಳಿಯಿತು.

"ಬಿಡು."

ಬಿಟ್ಟ. ಅಷ್ಟೂ ಭಾರ ಕೆಳಗಿಳಿದು ಕೂತಿತು.

"ಪ್ಲೇ ಇಲ್ಲ, ಅಲುಗಾಟವೇ ಇಲ್ಲ," ಎಂದರು ಭಾವ. "ಇನ್ನೊಂದ್ಸಲ ಎತ್ತು, ಆಮೇಲೆ ಕೊರಗ್ಬೇಡ."

ಮತ್ತೆ ಎತ್ತಿದ, ಮತ್ತೆ ಬಿಟ್ಟ.

"ಕೂದಲೆಳೆಯಷ್ಟೂ ಇಲ್ಲ ಕಣೋ. ನಾನು ಹೇಳ್ಲಿಲ್ವಾ?"

ನೋಡಲೆಂದು ಬಗ್ಗಿದ್ದ ಡ್ರೈವರನ ಮುಖ ಬಿಳಿಚಿಕೊಂಡಿತು. ಅವನು ನೋಡುತ್ತಿದ್ದ ಕಡೆ ಚಿಕ್ಕ ಮೇಸ್ತ್ರಿಯೂ ನೋಡಿದ. ಭಾವನ ಬೆರಳ ತುದಿ ಎರಡು ಕಬ್ಬಿಣದ ನಡುವೆ ಕಚ್ಚಿಕೊಂಡಿತ್ತು. ರಕ್ತ ಗ್ರೀಸಿನ ಜೊತೆ ಸೇರಿ ಆಕ್ಸಲಿನ ಗುಂಟ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಭಾವ ಮಾತ್ರ ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ನೋಡುತ್ತ ಆರಾಮವಾಗಿ ಕೂತಿದ್ದರು.

ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವ ಮನುಷ್ಯ. "ನಿಮ್ ಭಾವಂಗೆ ಚಪ್ಪಲಿ ಕಾಲಿಂದ ಕಳಚಿ ಬಿದ್ರೂ ಗೊತ್ತಾಗಲ್ಲ ಕಣೋ, ಒಂದೇ ಕಾಲಲ್ಲಿ ಹಾಕ್ಕೊಂಡು ಮನೆಗೆ ಬರ್ತಾರೆ," ಎಂದು ಅಕ್ಕ ಹೋದ ವಾರ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಕ್ಕದ್ದಕ್ಕೆ ಈಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಭಾವ, ಬೆರಳು ಈಚೆ ತೆಗೀರಿ," ಎಂದು ಹಾರೆ ಎತ್ತಿ ಹಿಡಿದ.

"ಯಾಕೋ? ನೋಡಿ ಆಯ್ತಲ್ಲ," ಎನ್ನುತ್ತ ಭಾವ ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಡ್ರೈವರ್ ಕ್ಯಾಬಿನ್ ಹತ್ತಿ ಲಾರಿಯ ಕೀ ತೆಗೆದುಕೊಂಡು ಬಂದು, ಚಿಕ್ಕ ಮೇಸ್ತ್ರಿಯ ಅಂಗಿ ಜೇಬಿಗೆ ಹಾಕಿ, ದೂರ ಹೋಗಿ ಬೆನ್ನು ತಿರುಗಿಸಿ ನಿಂತ.

ಆಗ ಭಾವನ ಕಣ್ಣು ನೆಲಕ್ಕೆ ಬಿತ್ತು.

"ಇದೇನೋ ಇದು, ರಕ್ತ?" ಎಂದು ಗಾಬರಿಯಾಗಿ ಮೈದುನನ ಎರಡೂ ಕೈಗಳನ್ನು ಹಿಡಿದೆಳೆದು, ತಿರುಗಿಸಿ ತಿರುಗಿಸಿ ಹುಡುಕತೊಡಗಿದರು. "ನೋಡ್ಕೊಂಡು ಕೆಲಸ ಮಾಡ್ಬಾರ್ದೇನೋ? ಎಲ್ಲಿ ಕುಯ್ಕೊಂಡೆ, ತೋರ್ಸು."