ಮುಟ್ಟಿ ಹೋಗುವ ಪುಟ

"ಕಾಕು, ಈಗ ಕಾಣ್ತದೇನು ನೋಡ್ರಿ," ಎನ್ನುತ್ತ ಏಕನಾಥ ಇ-ರೀಡರಿನ ಅಕ್ಷರಗಳನ್ನು ಇನ್ನಷ್ಟು ಹಿಗ್ಗಿಸಿದ.

ಶಾಲುಬಾಯಿಗೆ ಕಂಡಿತು. ಕಣ್ಣು ಮಂಜಾಗುತ್ತಿರುವುದನ್ನು ಆಕೆ ಹೇಳಿದ್ದು ಈ ಮೈದುನನ ಮಗನೊಬ್ಬನಿಗೇ. ಸಾಯಗಾಂವದ ಬುದ್ಧವಿಹಾರದಲ್ಲಿ ಮಳೆಗಾಲ ಮುಗಿಯುವ ತನಕ ದಿನಾ ಸಂಜೆ ಧಮ್ಮದ ಪುಸ್ತಕ ಓದುವುದು ರೂಢಿ. ಈ ಸಲ ಮಳೆಯೇ ಇಲ್ಲ. ಓದಬಲ್ಲವರೆಲ್ಲ ದುಡಿಮೆ ಹುಡುಕಿ ಪುಣೆಗೆ ಹೋಗಿದ್ದಾರೆ. ಉಳಿದದ್ದು ಅಂಗನವಾಡಿಯಲ್ಲಿ ಟೀಚರಾಗಿದ್ದ ತಾನೊಬ್ಬಳೇ. ತನ್ನ ಕಣ್ಣು ಹೋದರೆ ಓದೂ ಹೋದಂತೆ. ಅದಕ್ಕೇ ಏಕನಾಥ ಪುಸ್ತಕವನ್ನು ಈ ಯಂತ್ರದಲ್ಲಿ ತುಂಬಿಸಿಕೊಂಡು ಬೀದರಿನ ಮೈಲೂರಿನಿಂದ ಬಂದಿದ್ದ.

ವಿಹಾರ ನೋಡಿಕೊಳ್ಳುವ ಪಂಢರಿಗೆ ಅನುಮಾನ. "ಬ್ಯಾಟರಿ ಮುಗದ್ರ ಹ್ಯಾಂಗಪ್ಪಾ?"

"ವಾರಗಟ್ಟಲೆ ಬರ್ತದ್ರಿ ಕಾಕಾ. ಕರೆಂಟ್ ಹೋದ್ರೂ ಇದಕ್ಕ ತನ್ನದೇ ಬೆಳಕದ. ಮೊಬೈಲಿನಂಗ ಕಣ್ಣಿಗಿ ಚುಚ್ಚಲ್ಲ. ಎಷ್ಟ ಪುಸ್ತಕ ತುಂಬಿದ್ರೂ ತೂಕ ಇಷ್ಟೇ."

"ಕೆಳಗ ಬಿದ್ರ?"

"ಅದೊಂದ ನೋಡ್ಕೋಬೇಕು."

"ಹಳೀ ಪುಸ್ತಕ ನನ್ನ ಕೈಯಾಗಿಂದ ಎಷ್ಟ ಸಲ ಬಿದ್ದದ, ಒಮ್ಮಿನೂ ನೋಡ್ಕೋ ಅಂದಿಲ್ಲ ನೋಡು," ಎಂದ ಪಂಢರಿ. ಚಾಪೆಯ ಮೇಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಶಾಲುಬಾಯಿಗೆ ನಗು ಬರಲಿಲ್ಲ. ಹಳೆಯ ಪುಸ್ತಕದಲ್ಲಾದರೆ ಎಷ್ಟು ಓದಿದ್ದೇವೆ, ಎಷ್ಟು ಉಳಿದಿದೆ ಎಂಬುದು ಬೆರಳಿಗೇ ತಿಳಿಯುತ್ತಿತ್ತು. ಇದರಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ. ಕಣ್ಣೆದುರಿನ ನಾಲ್ಕು ಸಾಲೇ ಎಲ್ಲ. ಆದರೆ ಆ ನಾಲ್ಕು ಸಾಲು ಕಾಣುತ್ತವಲ್ಲ! ಹೆದರುತ್ತಲೇ ಓದು ಶುರು ಮಾಡಿದಳು. ಮುಂದೆ ಕೂತ ಕಾಂತಾಬಾಯಿ ದಿನದಂತೆ ಮೇಣದಬತ್ತಿಯನ್ನು ಆಕೆಯ ಹತ್ತಿರ ಸರಿಸಲು ಹೋದಳು. ಬೇಕಿಲ್ಲವೆಂದು ಕಂಡು ಸುಮ್ಮನೆ ಕೈಯನ್ನು ಮಡಿಲಿಗೆ ತಂದುಕೊಂಡಳು. ಓದಲು ಬಾರದ ಈ ಹೆಂಗಸು ತನ್ನ ಕಣ್ಣಿನ ಗುಟ್ಟನ್ನು ಯಾವತ್ತೋ ತಿಳಿದು, ಯಾರಿಗೂ ಹೇಳದೆ ಬೆಳಕು ಸರಿಸುತ್ತ ಬಂದಿದ್ದಳೆಂದು ಶಾಲುಬಾಯಿಗೆ ಹೊಳೆದದ್ದು ಆಗಲೇ.

ಅಷ್ಟರಲ್ಲಿ ಹೊರಗೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು. ಎಲ್ಲರೂ ಎದ್ದರು. ಓದಿನ ನಡುವೆ ಎದ್ದು ಹೋಗುವವರು ತೆರೆದ ಪುಟದ ಮೇಲೆ ಅಂಗೈ ಇಟ್ಟು, ಕಣ್ಣಿಗೊತ್ತಿಕೊಂಡು ಹೋಗುವುದು ಅಲ್ಲಿಯ ಪದ್ಧತಿ. ಎಲ್ಲರಿಗಿಂತ ಮೊದಲು ಕಾಂತಾಬಾಯಿ ಬಂದು ಅಂಗೈ ಇಟ್ಟಳು. ಅಕ್ಷರ ಸರಕ್ಕನೆ ಮಾಯವಾಗಿ ಬೇರೆ ಪುಟ ಬಂತು. ಗಾಬರಿಯಾಗಿ ಮತ್ತೆ ಒತ್ತಿದಳು. ಇನ್ನೊಂದು ಪುಟ.

"ಆಯಿ, ಮುಟ್ಟಬ್ಯಾಡ್ರಿ!" ಏಕನಾಥ ಕೂಗಿದ. "ಯಾರೂ ಮುಟ್ಟಬ್ಯಾಡ್ರಿ ಅದನ್ನ!"

ಪುಟ ಮುಟ್ಟಲು ಬರುತ್ತಿದ್ದವರು ಅಲ್ಲಲ್ಲೇ ನಿಂತರು. ಊರ ಬಾವಿಯ ಕಟ್ಟೆಯಿಂದ ಅವರ ಅವ್ವಂದಿರನ್ನು ದೂರ ನಿಲ್ಲಿಸಿದ ಮಾತು ಅದು. ಆ ಮಾತು ಕಿವಿಗೆ ಬೀಳದ ಒಂದು ಜಾಗ ಇರಲೆಂದೇ ತಾವೇ ಕಲ್ಲು ಹೊತ್ತು ಕಟ್ಟಿದ ವಿಹಾರ ಇದು. ಕಾಂತಾಬಾಯಿ ಚಾಪೆಯ ಅಂಚಿನವರೆಗೆ ಹಿಂದೆ ಸರಿದು, ಅಲ್ಲಿಂದಲೇ ಕೈಮುಗಿದು ಹೊರಗೆ ಹೋದಳು. ಉಳಿದವರೂ ಹಾಗೆಯೇ ದೂರದಿಂದ ಕೈಮುಗಿದು ಒಬ್ಬೊಬ್ಬರಾಗಿ ಹೋದರು.

ಏಕನಾಥ ಶಾಲುಬಾಯಿಯ ಹತ್ತಿರ ಬಂದ. "ಕಾಕು, ಪುಟ ಹಾರ್ತದಂತ ಅಂದೆ... ನಾ ಆ ಅರ್ಥಾಗ ಅಂದಿಲ್ಲರಿ. ಗುಂಡಿ ಒತ್ತಿ ಬಂದ್ ಮಾಡಿದ್ರ ಯಾರ ಬೇಕಾದ್ರೂ ಮುಟ್ಟಬೌದು."

"ಮುಚ್ಚಿದ ಬಾಗಿಲಿಗಿ ಕೈ ಮುಗಸ್ತಿಯೇನೋ?"

ಅಂದುಬಿಟ್ಟಳು ಶಾಲುಬಾಯಿ. ಇದೊಂದು ಕೆಟ್ಟರೆ ನಾಳೆ ಸಂಜೆ ಓದುವುದು ಹೇಗೆ? ಆದರೂ ಯಂತ್ರವನ್ನು ಎದೆಗವಚಿಕೊಂಡು ಹೊರಗೆ ನಡೆದಳು.

ಟ್ಯಾಂಕರಿನ ಪೈಪಿನ ಕೆಳಗೆ ಕಾಂತಾಬಾಯಿ ತುಂಬಿಸುತ್ತಿದ್ದದ್ದು ಶಾಲುಬಾಯಿಯ ಕೊಡವನ್ನೇ. "ನೀವ್ಯಾಕ ಬಂದ್ರಿ ವೈನಿ? ನಾ ತಂದ ಕೊಡ್ತಿದ್ನಲ್ರಿ."

"ಕೈ ಇಡು ಇದರ ಮ್ಯಾಲ."

"ಕೈ ಹಸಿ ಅದಾವ್ರಿ."

"ಇರ್ಲಿ, ಇಡು."

"ಪುಟ ಹಾರ್ತಾವ್ರಿ ವೈನಿ."

"ಹಾರ್ಲಿ. ಹುಡುಕೋದು ನನ್ನ ಕೆಲಸ."

"ಕಾಕು, ನೀರ್ ಹೊಕ್ರ ಕೆಡ್ತದ್ರಿ!" ಹಿಂದಿನಿಂದ ಓಡಿ ಬಂದ ಏಕನಾಥ ಅಲ್ಲಿಯೇ ನಿಂತುಬಿಟ್ಟ.

ಕಾಂತಾಬಾಯಿ ಆತನ ಮುಖ ನೋಡಿದಳು, ಶಾಲುಬಾಯಿಯ ಮುಖ ನೋಡಿದಳು. ಆಮೇಲೆ ಅಂಗೈ ಇಟ್ಟಳು. ಪುಟ ಹಾರಿತು. ಕೈಯನ್ನು ಕಣ್ಣಿಗೊತ್ತಿಕೊಂಡಳು. ಗಾಜಿನ ಮೇಲೆ ಉಳಿದ ಒಂದು ಹನಿಯ ಕೆಳಗೆ, ಯಾವ ಪುಟದ್ದೋ ಏನೋ, ಒಂದು ಅಕ್ಷರ ಇನ್ನಷ್ಟು ಹಿಗ್ಗಿ ನಡುಗುತ್ತಿತ್ತು. ಶಾಲುಬಾಯಿ ಹನಿಯನ್ನು ಒರೆಸದೆ, ಸರದಿಯಲ್ಲಿ ಕೊಡ ಕೆಳಗಿಟ್ಟು ನಿಂತಿದ್ದ ಮುಂದಿನವಳೆಡೆಗೆ ಯಂತ್ರವನ್ನು ಚಾಚಿದಳು.