ಖುದ್ದು ಪರಿಶೀಲಿಸಿದ್ದೇನೆ

"ಕಟ್ಟಡಕ್ಕೆ ಬೆಲೆ ಕಟ್ಟೋಕೆ ಐದು ದಿನ, ಐದು ಸಾವಿರ. ಇವತ್ತೇ ಬೇಕಂದ್ರೆ ಹತ್ತು," ಎಂದ ಬ್ರೋಕರ್, ಮಾಸಿದ ಸೀರೆಯ ಹೆಂಗಸಿನತ್ತ ತಲೆಯನ್ನೂ ಎತ್ತದೆ.

ಆಕೆ ಹತ್ತು ಸಾವಿರವನ್ನೂ ವಿಳಾಸದ ಚೀಟಿಯನ್ನೂ ಕೊಟ್ಟು ಹೋದಳು. ಇದೇ ರಸ್ತೆ; ಪಾಲಿಕೆಯವರು ಹೊಸದಾಗಿ ಕೊಟ್ಟ ನಂಬರು. ಇಂಥವಳ ಕೊಂಪೆ ನೋಡಲು ಬಿಸಿಲಲ್ಲಿ ಯಾರು ಅಲೆಯುತ್ತಾರೆ? ಬಾಡಿಗೆ ಆಫೀಸಿನ ಕುರ್ಚಿ ಬಿಟ್ಟೇಳದೆ ಅವನು ವರದಿ ಗೀಚಿದ: 'ಖುದ್ದು ಪರಿಶೀಲಿಸಿದ್ದೇನೆ. ಕಟ್ಟಡಕ್ಕೆ ಬೆಲೆಯೇ ಇಲ್ಲ. ಒಳಗೆ ಕೂರುವುದೂ ಅಪಾಯ. ಕೂಡಲೇ ಖಾಲಿ ಮಾಡಿಸಿ ಕೆಡವಬೇಕು.' ಕೆಳಗೆ ಸಹಿ, ಸೀಲು.

ಸಂಜೆ ಬಂದ ಆಕೆ ಅದನ್ನು ಎರಡು ಸಲ ಓದಿದಳು.

"ಕೆಡವಲೇಬೇಕಾ ಸಾರ್?"

"ಕಣ್ಣಾರೆ ನೋಡ್ಕೊಂಡು ಬಂದಿದೀನಮ್ಮ. ಒಂದು ದಿನಾನೂ ತಡ ಮಾಡ್ಬೇಡಿ."

"ಆ ನಂಬರು ನಿಮ್ಮ ಬೋರ್ಡಿನ ಹಿಂದೆ ಮುಚ್ಚಿಹೋಗಿದೆ ಸಾರ್. ಈ ಕಟ್ಟಡ ನಾನು ಕೊಂಡು ವಾರ ಆಯ್ತು. ನಾಳೇನೇ ಖಾಲಿ ಮಾಡಿ."