ಶಿವಮ್ಮಜ್ಜಿಯ ಬುತ್ತಿ

ಚರ್ಚಿನ ಅಡುಗೆಮನೆಯಲ್ಲಿ ಶೇಂಗಾ ಹೋಳಿಗೆ ಬೇಯಿಸುವಾಗಲೆಲ್ಲ, ಯಾರಿಗೂ ಹೇಳದ ಜೇವರ್ಗಿಯ ಆ ಮಧ್ಯಾಹ್ನ ನನಗೆ ನೆನಪಾಗುತ್ತದೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ನಮ್ಮ ಮನೆಯಲ್ಲಿ ಎಲ್ಲರೂ ಮಧ್ಯಾಹ್ನದ ಊಟ ಬಿಡುತ್ತಿದ್ದರು. ಬಿಟ್ಟ ಊಟವನ್ನು ಅವ್ವ ಅರಿವೆಯಲ್ಲಿ ಕಟ್ಟಿ, ಕಣ್ಣು ಕಾಣದ ಶಿವಮ್ಮಜ್ಜಿಗೆ ಕೊಟ್ಟುಬರಲು ಅಕ್ಕನನ್ನೂ ನನ್ನನ್ನೂ ಕಳಿಸುತ್ತಿದ್ದಳು. "ಆಕಿ ನಮ್ಮ ಚರ್ಚಿಗಿ ಬರಂಗಿಲ್ಲಲ್ಲ?" ಎಂದು ನಾನೊಮ್ಮೆ ಕೇಳಿದ್ದೆ. "ಹಸಿವು ಯಾವ ಚರ್ಚಿಗಿ ಹೋಗ್ತದ ಬೇ?" ಎಂದಿದ್ದಳು ಅವ್ವ.

ಅಂದು ಬುತ್ತಿಯಲ್ಲಿ ಗರಿಗರಿಯಾದ ಕಟಕ ರೊಟ್ಟಿಯ ಮೇಲೆ ಎರಡು ಶೇಂಗಾ ಹೋಳಿಗೆ ಇದ್ದವು. ಅಜ್ಜಿಯ ಬಾಗಿಲಲ್ಲಿದ್ದ ಕೊಡ ತುಂಬಿಸಲು ಅಕ್ಕ ಅಲ್ಲೇ ಹೊರಗಿನ ನಳದ ಹತ್ತಿರ ನಿಂತಾಗ, ನಾನು ಗೋಡೆಯ ಮರೆಯಲ್ಲಿ ಎರಡನ್ನೂ ತಿಂದುಬಿಟ್ಟೆ.

ಅಜ್ಜಿ ಗಂಟು ಬಿಚ್ಚಿ ಮೂಸಿದಳು. ಬೆರಳುಗಳು ರೊಟ್ಟಿಯ ಮೇಲೆಲ್ಲ ಹುಡುಕಿದವು. "ಹೋಳಿಗಿ ವಾಸನಿ ಬರಾಕತ್ತದ, ಕೈಗಿ ಮಾತ್ರ ಸಿಗವಲ್ದು. ಯಾರ ಹೊಟ್ಟಿ ಸೇರ್ಯದ?"

ನಾನು ನೆಲ ನೋಡಿದೆ. ಅಕ್ಕ ಸೆರಗಿನಂತೆ ಹೊದ್ದ ವೇಲಿನಿಂದ ನನ್ನ ತುಟಿಯ ಪುಡಿ ಒರೆಸಿ, "ನಾ ತಿಂದೇನಿ ಆಯಿ, ತಪ್ಪಾತ್ರಿ" ಎಂದಳು.

"ಹಸದಿದ್ದಿ, ತಿಂದಿ. ಬಾ, ಕೂಡು" ಎಂದು ಅಜ್ಜಿ ನಕ್ಕು, ರೊಟ್ಟಿ ಮುರಿದು ಅಕ್ಕನಿಗೆ ಅರ್ಧ ಕೊಟ್ಟಳು. ಬೆಳಗಿನಿಂದ ಏನೂ ತಿನ್ನದ ಅಕ್ಕ ಅದನ್ನು ಸದ್ದಿಲ್ಲದೆ ನನ್ನ ಕೈಗಿಟ್ಟಳು. ನಾನು ಅದನ್ನೂ ಕಚ್ಚಿದೆ.

ಕಟಕ ರೊಟ್ಟಿ ಕಟ್ ಎಂದು ಸದ್ದು ಮಾಡಿತು. ಅಜ್ಜಿ ಮುಖವನ್ನು ನನ್ನ ಕಡೆ ತಿರುಗಿಸಿದಳು.

"ಸಾವಕಾಶ ತಿನ್ನು, ಸಣ್ಣಾಕಿ" ಎಂದು, ಉಳಿದರ್ಧವನ್ನು ತಡಕಾಡಿ ಅಕ್ಕನ ಮಡಿಲಿಗೆ ಹಾಕಿದಳು.